ಬೆಳಕಿಂಡಿಯಲ್ಲಿ ತೂಗಿದ ಅಡಾಪ್ಟರ್

ನವಲಗುಂದದ ನನ್ನ ಕಂಪ್ಯೂಟರ್ ಕ್ಲಾಸಿನ ಕೆಳಗೆ ಟೇಲರ್ ಅಂಗಡಿ ಇಟ್ಟಿರುವ ಚಾಚಾ ಆ ಬುಧವಾರ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು, ಹೆಬ್ಬೆರಳಿನ ಗಾತ್ರದ ವೈಫೈ ಅಡಾಪ್ಟರನ್ನು ನನ್ನ ಮೇಜಿನ ಮೇಲೆ ಇಟ್ಟರು. ಹುಬ್ಬಳ್ಳಿಯಿಂದ ತರಿಸಿದ್ದು. ತರಿಸಲು ಹೇಳಿದವನು ನಾನೇ.

“ಇದ ಹೌದಲ್ರಿ ಮಾಸ್ತರ?”

“ಹೌದ್ರಿ ಚಾಚಾ. ಇದನ್ನ ಚುಚ್ಚಿದ್ರ ಆತು. ಐದು ಮಿನಿಟಿನ ಕೆಲಸ.”

ಆ ಐದು ಮಿನಿಟಿನ ಕೆಲಸಕ್ಕೆ ನಾನು ಹದಿನೆಂಟು ದಿನ ತೆಗೆದುಕೊಂಡೆ. ಅದರಲ್ಲಿ ಕೆಲವು ದಿನಗಳಿಗೆ ಯಂತ್ರ ಕಾರಣ, ಕೆಲವಕ್ಕೆ ನಾನೇ ಕಾರಣ. ಯಾವುವು ಯಾರ ಪಾಲಿಗೆ ಎಂದು ಈಗಲೂ ಲೆಕ್ಕ ಹಾಕುತ್ತಿರುತ್ತೇನೆ.

ಚಾಚಾನ ಹೆಂಡತಿ, ನಾವೆಲ್ಲ ಚಾಚಿ ಎನ್ನುವವರು, ಜಮಖಾನಾ ನೇಯುತ್ತಿದ್ದರು. ಗೋಡೆಗೆ ನಿಲ್ಲಿಸಿದ ಮಗ್ಗ. ಮೇಲಿಂದ ಕೆಳಕ್ಕೆ ಹಾಸಿನ ದಾರ. ಅದರೊಳಗೆ ಬೆರಳಿನಿಂದಲೇ ಬಣ್ಣದ ನೂಲು ತೂರಿಸಿ, ಪಂಜಾ ಎನ್ನುವ ಕಬ್ಬಿಣದ ಹಣಿಗೆಯಿಂದ ಬಡಿದು ಕೂರಿಸುವುದು. ಅವರ ಮನೆಯ ನವಿಲಿಗೆ ತಲೆಯ ಮೇಲೊಂದು ತುರಾಯಿ ಇದೆ. ನವಿಲು ನೇಯುವವರು ಊರಲ್ಲಿ ಇನ್ನೂ ಇದ್ದಾರೆ, ಆ ತುರಾಯಿ ಮಾತ್ರ ಅವರ ಮನೆಯೊಂದರದೇ. ಅದನ್ನು ಯಾರೂ ಕಾಗದದ ಮೇಲೆ ಬರೆದಿಟ್ಟಿಲ್ಲ. ಅತ್ತೆಯಿಂದ ಸೊಸೆಗೆ ಬರಬೇಕು. ಮಗಳಿಗೆ ಕಲಿಸುವಂತಿಲ್ಲ, ಏಕೆಂದರೆ ಕೊಟ್ಟ ಮನೆಗೆ ಹೋಗುವಾಗ ಮಗಳು ವಿದ್ಯೆಯನ್ನೂ ಜೊತೆಗೆ ಒಯ್ಯುತ್ತಾಳೆ ಎಂಬ ಭಯ. ಚಾಚಿಗೆ ಗಂಡುಮಕ್ಕಳಿಲ್ಲ, ಹಾಗಾಗಿ ಸೊಸೆಯೂ ಇಲ್ಲ. ಇರುವವಳು ಒಬ್ಬಳೇ ಮಗಳು, ಪುಣೆಯಲ್ಲಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಾಗಿ ಎಂಟನೆಯ ತಿಂಗಳಲ್ಲಿದ್ದಳು. ಕೂತು ಕೆಲಸ ಮಾಡಬಹುದು, ಪ್ರಯಾಣ ಬೇಡವೇ ಬೇಡ ಎಂದು ಅಲ್ಲಿಯ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಎರಡು ತಿಂಗಳ ಹಿಂದೆ ಚಾಚಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಮತ್ತೊಮ್ಮೆ ಹೊಡೆಯಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರಂತೆ. ಅದಾದ ಮೇಲೆ ಚಾಚಿ ಒಂದು ದಿನ ಚಾಚಾನಿಗೆ ಹೇಳಿ, ಮರದ ಸಣ್ಣ ಚೌಕಟ್ಟಿಗೆ ಹಾಸು ಹಾಕಿಸಿ, ಒಂದು ಪಂಜಾ ಜೊತೆಗಿಟ್ಟು, ಬಸ್ಸಿನಲ್ಲಿ ಪುಣೆಗೆ ಪಾರ್ಸಲ್ ಮಾಡಿಸಿದರು. ವಿಡಿಯೋ ಕಾಲಿನಲ್ಲಿ ಕಲಿಸುವುದೆಂದು ನಿಶ್ಚಯವಾಯಿತು. ಆದರೆ ಸಕ್ಕರೆ ಕಾಯಿಲೆ ಚಾಚಿಯ ಕಣ್ಣನ್ನೂ ಅರ್ಧ ತಿಂದಿತ್ತು. ಫೋನಿನ ಸಣ್ಣ ಪರದೆಯಲ್ಲಿ ಮಗಳ ಬೆರಳು ಅವರಿಗೆ ಕಾಣುತ್ತಿರಲಿಲ್ಲ. ಆಗಲೇ ಚಾಚಾ ನನ್ನ ಹತ್ತಿರ ಬಂದದ್ದು.

ನನ್ನ ಕ್ಲಾಸಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಪರದೆ ದೊಡ್ಡದು. ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಏದುಸಿರು ಬಿಡುತ್ತದೆಂದು ಲಿನಕ್ಸ್ ಎಂಬ ಹಗುರ ವ್ಯವಸ್ಥೆ ಹಾಕಿದ್ದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಯಾರ ಮುಲಾಜೂ ಇಲ್ಲ ಎಂದು ಹುಡುಗರಿಗೆ ದಿನವೂ ಭಾಷಣ ಬಿಗಿಯುವವನು ನಾನು. ಅದಕ್ಕೆ ಕ್ಯಾಮೆರಾ ಇಲ್ಲದಿದ್ದರೂ ನಡೆಯುತ್ತದೆ, ಮೈಕು ಸ್ಪೀಕರು ಸಾಕು, ಚಾಚಿ ಮಗಳನ್ನು ನೋಡಿದರಾಯಿತು ಎಂದುಕೊಂಡೆವು. ನನ್ನ ಲ್ಯಾಪ್‌ಟಾಪಿಗೆ ಆ ಹಳೆಯ ಪರದೆಯ ಪಿನ್ನು ಕೂಡುತ್ತಿರಲಿಲ್ಲ. ಕಂಪ್ಯೂಟರಿಗೋ ವೈಫೈ ಇರಲಿಲ್ಲ. ಅದಕ್ಕೇ ಈ ಅಡಾಪ್ಟರ್.

ಅವರ ಮನೆ ಹಳೆಯ ಮಾಳಿಗೆ ಮನೆ. ಮುಂದೆ ಪಡಸಾಲೆ, ಹಿಂದೆ ಮಗ್ಗದ ಕೋಣೆ. ಮಗ್ಗದ ಕೋಣೆಗೆ ಮನೆಯ ಗಂಡಸು ಬಿಟ್ಟರೆ ಬೇರೆ ಗಂಡಸು ಹೋಗುವುದಿಲ್ಲ. ನೂಲು ತರುವ ವ್ಯಾಪಾರಿ ಕೂಡ ಪಡಸಾಲೆಯಲ್ಲೇ ನಿಂತು ಮಾತಾಡುತ್ತಾನೆ. ಕ್ಲಾಸಿನಿಂದ ಯಂತ್ರ ಒಯ್ದು ನಾನೂ ಪಡಸಾಲೆಯಲ್ಲೇ ಜಮಖಾನಾ ಹಾಸಿಕೊಂಡು ಬಿಚ್ಚಿದೆ. ಕೋಣೆಯ ಬಾಗಿಲಿಗೆ ಪರದೆ ಬಿಟ್ಟಿತ್ತು. ಅದರ ಹಿಂದಿನಿಂದ ಚಾಚಿ ಕೇಳಿದರು.

“ಮಾಸ್ತರ, ಅದೇನ ಅಂತಾರಲ್ಲ, ದಾರ ಇಲ್ಲದ್ದು. ಅದ ಯಾಕ ಬೇಕ್ರಿ? ಒಂದ್ ದಾರ ಎಳದ್ರ ಆಗೂದಿಲ್ಲೇನು?”

“ಈಗ ಎಲ್ಲಾ ದಾರ ಇಲ್ಲದ್ದ ಚಾಚಿ,” ಎಂದು ನಾನು ನಕ್ಕೆ.

ನೇಯ್ದ ಜಮಖಾನಾ ಮನೆಯಲ್ಲಿಯೇ ಇದೆಯಲ್ಲ, ಅದನ್ನು ನೋಡಿ ಮಗಳು ಕಲಿಯಲಾರಳೇ ಎಂದೂ ಕೇಳಿದ್ದೆ.

“ರೊಟ್ಟಿ ನೋಡಿ ರೊಟ್ಟಿ ಬಡ್ಯಾಕ ಬರ್ತೈತೇನ್ರಿ?” ಎಂದರು ಚಾಚಿ. ಮಾತು ಮುಂದುವರಿಸಿ, “ನಮ್ಮ ಅತ್ತಿ ಬಾಜು ಕುಂತು ಕಲಿಸಿದ್ಲು. ತಪ್ಪಿದ್ರ ಪಂಜಾಲೆ ಕಂಬಕ್ಕ ಟಕ್ ಅಂತ ಒಂದ್ ಬಡೀತಿದ್ಲು. ಸರಿ ಆದ್ರ ಸುಮ್ಮ. ಚಲೋ ಆತು ಅಂತ ಒಂದಿನಾನೂ ಬಾಯಿ ಬಿಟ್ಟು ಅನ್ನಲಿಲ್ಲ. ಸುಮ್ಮನಿದ್ಲಂದ್ರ ನಾವು ತಿಳಕೋಬೇಕು,” ಎಂದರು.

ಮಗಳಿಗೆ ಕಲಿಸುವುದಕ್ಕೆ ಬಂಧುಬಳಗದಲ್ಲಿ ಮಾತು ಬಂದಿರಬೇಕು. ಅದಕ್ಕೂ ಅವರ ಹತ್ತಿರ ಉತ್ತರವಿತ್ತು. “ಸೊಸಿ ಇಲ್ಲ, ಮಗಳು ಅದಾಳ. ಮಣ್ಣಿಗೆ ಹಾಕೂಕಿಂತ ಮಗಳಿಗೆ ಹಾಕೂದು ಚಲೋ.”

ಅಡಾಪ್ಟರ್ ಚುಚ್ಚಿದೆ. ಏನೂ ಆಗಲಿಲ್ಲ. ಯಂತ್ರಕ್ಕೆ ಜೋಡಿಸಿದ ಸಾಧನಗಳ ಪಟ್ಟಿ ತೆಗೆದು ನೋಡಿದರೆ, ಅದು ತನ್ನನ್ನು ತಾನು ಸಿಡಿ ಡ್ರೈವ್ ಎಂದು ಹೇಳಿಕೊಳ್ಳುತ್ತಿತ್ತು. ಇಂಥ ಅಡಾಪ್ಟರುಗಳು ಹೊಟ್ಟೆಯಲ್ಲಿ ಬೇರೆ ವ್ಯವಸ್ಥೆಗೆ ಬೇಕಾದ ಡ್ರೈವರನ್ನು, ಅಂದರೆ ಅದನ್ನು ನಡೆಸುವ ತಂತ್ರಾಂಶವನ್ನು, ಇಟ್ಟುಕೊಂಡು ಮೊದಲು ಸಿಡಿಯ ವೇಷ ಹಾಕುತ್ತವೆ. ಲಿನಕ್ಸಿನಲ್ಲಿ ಆ ವೇಷ ಕಳಚಲು ಒಂದು ಆದೇಶ ಕೊಡಬೇಕು. ಇಷ್ಟು ತಿಳಿಯಲು ಎರಡು ದಿನ ಹಿಡಿಯಿತು.

ವೇಷ ಕಳಚಿದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಒಳಗಿನ ಚಿಪ್ಪಿಗೆ ಬೇಕಾದ ಡ್ರೈವರ್ ನನ್ನ ಲಿನಕ್ಸಿನ ತಿರುಳಿನಲ್ಲಿ, ಅಂದರೆ ಕರ್ನೆಲ್‌ನಲ್ಲಿ, ಇರಲೇ ಇಲ್ಲ. ಅದರ ಮೂಲ ಬರಹ ತಂದು, ಇದೇ ಯಂತ್ರದಲ್ಲಿ ಇದೇ ಕರ್ನೆಲ್‌ಗೆ ಹೊಂದುವಂತೆ ಕಂಪೈಲ್ ಮಾಡಬೇಕು, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸಬೇಕು. ಅದಕ್ಕೆ ಬೇಕಾದ ಸಾಮಗ್ರಿ ಇಳಿಸಿಕೊಳ್ಳಲು ನೆಟ್ ಬೇಕು. ನೆಟ್ ಬರಬೇಕಾದರೆ ಅಡಾಪ್ಟರ್ ನಡೆಯಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುವ ಗಾದೆ ನೆನಪಾಯಿತು.

ಕ್ಲಾಸಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದೆ. ತಂದದ್ದು ನನ್ನ ಲ್ಯಾಪ್‌ಟಾಪಿನ ಕರ್ನೆಲ್‌ಗೆ ಹೊಂದುವ ಸಾಮಗ್ರಿ. ಈ ಯಂತ್ರದ್ದು ಬೇರೆ. ಮರುದಿನ ಮತ್ತೆ ತಂದೆ. ಕಂಪೈಲ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಅದರ ಮರುದಿನ ತಪ್ಪುಗಳ ಸಾಲು ಬಂತು. ಆ ಬರಹ ಹಳೆಯ ಕರ್ನೆಲ್‌ಗೆಂದು ಬರೆದದ್ದು, ಹೊಸದರಲ್ಲಿ ಕೆಲವು ಹೆಸರುಗಳು ಬದಲಾಗಿದ್ದವು. ಯಾವುದೋ ದೇಶದ ಯಾರೋ ಒಬ್ಬ ಪುಣ್ಯಾತ್ಮ ಆ ಸಾಲುಗಳನ್ನು ತಿದ್ದಿ ಎಲ್ಲರಿಗೂ ಬಿಟ್ಟಿದ್ದ. ಅದನ್ನು ನೋಡಿಕೊಂಡು ಒಂದೊಂದೇ ತಿದ್ದಿದೆ. ಆರನೆಯ ದಿನ, ಸೋಮವಾರ, ಅಡಾಪ್ಟರಿನ ನೀಲಿ ದೀಪ ಮಿನುಗಿತು. ಚಾಚಾನ ಫೋನಿನಿಂದ ನೆಟ್ ಹಂಚುವ ಹಾಟ್‌ಸ್ಪಾಟಿನ ಹೆಸರು ಪರದೆಯ ಮೇಲೆ ಬಂತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಇನ್ನೊಂದು ಕೆಲಸ ಬಾಕಿ ಇತ್ತು: ಕರ್ನೆಲ್ ಬದಲಾದಾಗಲೆಲ್ಲ ಡ್ರೈವರ್ ತಾನಾಗಿಯೇ ಮತ್ತೆ ಕಂಪೈಲ್ ಆಗುವಂತೆ ನೋಂದಾಯಿಸಿ ಇಡುವುದು. ಆಮೇಲೆ ಮಾಡಿದರಾಯಿತು ಎಂದು ಬಿಟ್ಟೆ. ಡಿಸ್ಕಿನಲ್ಲಿ ಜಾಗ ಸಾಲದೆಂದು, ಹೊಸದು ಬಂದೊಡನೆ ಹಳೆಯ ಕರ್ನೆಲ್ ಅಳಿಸಿಹೋಗುವಂತೆಯೂ ನಾನೇ ಮಾಡಿಟ್ಟಿದ್ದೆ.

ಮಂಗಳವಾರ ಚಾಚಾ ಯಂತ್ರವನ್ನು ಒಳಗೆ ಒಯ್ದು ಚಾಚಿಯ ಮಂಚದ ಎದುರು ಇಟ್ಟರು. ಅಲ್ಲಿ ನೆಟ್ ಬರಲಿಲ್ಲ. ಹಾಟ್‌ಸ್ಪಾಟಿನ ಹೆಸರೇ ಕಾಣಲಿಲ್ಲ.

ನಾನು ಆರು ದಿನ ಪಡಸಾಲೆಯಲ್ಲಿ ಕೂತು ಪರೀಕ್ಷೆ ಮಾಡಿದ್ದೆ, ಒಳಗೆ ಹೋಗುವಂತಿರಲಿಲ್ಲವಲ್ಲ. ಫೋನಿಗೆ ಟವರ್ ಸಿಗುವುದು ಪಡಸಾಲೆಯ ಕಿಟಕಿಯಲ್ಲಿ ಮಾತ್ರ. ಪಡಸಾಲೆಗೂ ಮಗ್ಗದ ಕೋಣೆಗೂ ನಡುವೆ ಮೊಳಕ್ಕಿಂತ ದಪ್ಪದ ಮಣ್ಣಿನ ಗೋಡೆ. ಒಮ್ಮೆಯಾದರೂ ಚಾಚಾನ ಕೈಯಲ್ಲಿ ಫೋನು ಕೊಟ್ಟು ಒಳಗೆ ನೋಡಿ ಬನ್ನಿ ಎಂದು ಹೇಳಬಹುದಿತ್ತು. ಹೊಳೆಯಲಿಲ್ಲ.

ಬುಧವಾರ ಐದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದೆ. ಅದರ ಒಂದು ತುದಿಯನ್ನು ಚಾಚಾ ಒಳಗೆ ಯಂತ್ರಕ್ಕೆ ಸಿಕ್ಕಿಸಿದರು. ಇನ್ನೊಂದು ತುದಿಯನ್ನು ಗೋಡೆಯ ಮೇಲಿನ ಬೆಳಕಿಂಡಿಯಿಂದ ಪಡಸಾಲೆಗೆ ಇಳಿಬಿಡಿಸಿಕೊಂಡು, ಅದಕ್ಕೆ ಅಡಾಪ್ಟರ್ ಸಿಕ್ಕಿಸಿದೆ. ನೀಲಿ ದೀಪ ಬೆಳಕಿಂಡಿಯ ಕೆಳಗೆ ತೂಗಾಡುತ್ತ ಹತ್ತಿತು. ಒಳಗೆ ಸ್ಪೀಕರಿನಲ್ಲಿ ಮಗಳ ದನಿ ಕೇಳಿತು.

“ಅಂತೂ ದಾರ ಎಳದ್ರಿ,” ಎಂದರು ಚಾಚಿ ಬಾಗಿಲ ಪರದೆಯ ಹಿಂದಿನಿಂದ.

ಅಂದಿನಿಂದ ದಿನವೂ ಮಧ್ಯಾಹ್ನ ಪಾಠ ನಡೆಯಿತು. ಕ್ಲಾಸು ಬಿಟ್ಟು ನಾನೂ ಹೋಗಿ ಪಡಸಾಲೆಯಲ್ಲಿ ಕೂರುತ್ತಿದ್ದೆ, ನೆಟ್ ಕೈಕೊಟ್ಟರೆ ನೋಡಲೆಂದು. ಮಗಳು ಕ್ಯಾಮೆರಾವನ್ನು ತನ್ನ ಕೈಗೇ ಇಟ್ಟಿರುತ್ತಿದ್ದಳು. ತಾಯಿ ಮಗಳ ಮಾತೆಲ್ಲ ಉರ್ದುವಿನಲ್ಲಿ, ದಾರದ ಎಣಿಕೆ ಮಾತ್ರ ಕನ್ನಡದಲ್ಲಿ. ಚಾಚಿಗೂ ಅವರ ಅತ್ತೆ ಹಾಗೆಯೇ ಕಲಿಸಿದ್ದಂತೆ. “ಎರಡ ಬಿಡು, ಮೂರ ಹಿಡಿ. ಕೆಂಪು ಹಿಂದ ತುಗೊ. ಅಷ್ಟ ಬಿಗಿ ಎಳೀಬ್ಯಾಡ, ನವಿಲ ಸಾಯ್ತೈತಿ.” ತಪ್ಪಿದಾಗ ಎಡಗೈಯಿಂದ ಪಂಜಾ ಹಿಡಿದು ಮಂಚದ ಕಾಲಿಗೆ ಟಕ್ ಎಂದು ಬಡಿಯುವ ಸದ್ದು. ನವಿಲನ್ನು ಕಾಲಿನಿಂದ ಮೇಲಕ್ಕೆ ನೇಯುತ್ತಾರೆ. ಭಾನುವಾರದ ಹೊತ್ತಿಗೆ ಕಾಲು, ಹೊಟ್ಟೆ, ಕುತ್ತಿಗೆ ಮುಗಿದು ತಲೆಯ ತುದಿಗೆ ಬಂದಿದ್ದರು. ಇನ್ನು ಅದರ ಮೇಲಿನ ತುರಾಯಿ. ಸೋಮವಾರ ತುರಾಯಿ ಹಿಡಿಯೋಣ ಎಂದರು ಚಾಚಿ.

ಸೋಮವಾರ ನೆಟ್ ಇರಲಿಲ್ಲ. ಚಾಚಾ ಯಂತ್ರವನ್ನು ಪಡಸಾಲೆಗೆ ತಂದುಕೊಟ್ಟರು. ಭಾನುವಾರ ಪಾಠ ಮುಗಿದ ಮೇಲೆ ಯಂತ್ರ ತಾನಾಗಿ ಅಪ್‌ಡೇಟ್ ಇಳಿಸಿಕೊಂಡು, ಬೆಳಿಗ್ಗೆ ಹೊಸ ಕರ್ನೆಲ್‌ನೊಂದಿಗೆ ಎದ್ದಿತ್ತು. ಹಳೆಯ ಕರ್ನೆಲ್‌ಗೆ ಕಟ್ಟಿದ ನನ್ನ ಡ್ರೈವರ್ ಹೊಸದಕ್ಕೆ ಲೆಕ್ಕಕ್ಕೇ ಇಲ್ಲ. ಹಳೆಯದಕ್ಕೆ ಹಿಂದಿರುಗೋಣವೆಂದರೆ ಅದು ಅಳಿಸಿಹೋಗಿತ್ತು. ಎರಡೂ ನನ್ನ ಕೈಯ ಕೆಲಸವೇ.

“ನಾಳಿ ಮಾಡಿಕೊಡ್ತೇನ್ರಿ ಚಾಚಿ,” ಎಂದೆ.

“ಆಗ್ಲಿರಿ,” ಎಂದರು. ಆಮೇಲೆ, “ನಾಳಿ ಅಂದ್ರ ನಾಳೀನ ಹೌದಲ್ರಿ?” ಎಂದರು.

ಮಂಗಳವಾರ ಹೊಸ ಸಾಮಗ್ರಿ ತಂದೆ. ಮತ್ತೆ ತಪ್ಪುಗಳ ಸಾಲು, ಈ ಸಲ ಬೇರೆ ಕಡೆ. ಆ ದೂರದ ಪುಣ್ಯಾತ್ಮ ಇದನ್ನಿನ್ನೂ ತಿದ್ದಿರಲಿಲ್ಲ. ನಾನೇ ತಿದ್ದುತ್ತೇನೆ ಎಂದು ಪಟ್ಟು ಹಿಡಿದು ಕೂತೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸಂಜೆ ಚಾಚಾ ಯಂತ್ರವನ್ನು ಮತ್ತೆ ಒಳಗಿಟ್ಟು ಕೇಬಲ್ ಸಿಕ್ಕಿಸಿದರು. ಹೊರಡುವಾಗ ನಾನು ಮತ್ತೆ ನಾಳೆ ಎಂದೆ.

ಬುಧವಾರ ಬೆಳಿಗ್ಗೆ ಚಾಚಾನ ಅಂಗಡಿ ಬಾಗಿಲು ತೆರೆದಿರಲಿಲ್ಲ. ನಸುಕಿನಲ್ಲಿ ಚಾಚಿಗೆ ಎರಡನೆಯ ಸಲ ಲಕ್ವಾ ಹೊಡೆದಿತ್ತು, ಹುಬ್ಬಳ್ಳಿಗೆ ಒಯ್ದಿದ್ದರು. ಶುಕ್ರವಾರ ಸಂಜೆ ಮರಳಿ ಕರೆತಂದರು. ಜೀವವಿತ್ತು, ಎಚ್ಚರವಿತ್ತು, ಎಡಗೈ ಆಡುತ್ತಿತ್ತು. ಮಾತು ಹೋಗಿತ್ತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿದ್ದರು.

ಮಗಳಿಗೆ ಹೇಳಿರಲಿಲ್ಲ. “ಅಕಿಗೆ ತಿಳದ್ರ ಹೊಟ್ಟೀಲೆ ಇದ್ದಾಕಿ ಇದ್ದಂಗ ಬಸ್ ಹತ್ತತಾಳ,” ಎಂದರು ಚಾಚಾ. “ಅಮ್ಮಿ ಗಂಟಲು ಕೂತೈತಿ, ಡಾಕ್ಟರು ಮಾತಾಡಬ್ಯಾಡ ಅಂದಾರ ಅಂತ ಹೇಳೇನಿ. ನೀವೂ ಹಂಗ ಹೇಳ್ರಿ.”

ಆ ನಾಲ್ಕು ದಿನ ನಾನು ಡ್ರೈವರಿನ ಜೊತೆ ಗುದ್ದಾಡುತ್ತಲೇ ಇದ್ದೆ. ಶನಿವಾರ ಮಧ್ಯಾಹ್ನವೂ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಅದೇ ಸಾಲುಗಳನ್ನು ನೋಡುತ್ತಿದ್ದೆ. ಅಡಾಪ್ಟರನ್ನು ಕೇಬಲ್ಲಿನಿಂದ ಕಿತ್ತು ಮೊಣಕಾಲ ಬಳಿ ಇಟ್ಟುಕೊಂಡಿದ್ದೆ. ಬೆಳಕಿಂಡಿಯಿಂದ ಕೇಬಲ್ಲು ಖಾಲಿಯಾಗಿ ತೂಗುತ್ತಿತ್ತು. ಚಾಚಾನ ಫೋನಿನ ಬ್ಯಾಟರಿ ಇಳಿದಿತ್ತು. ಅವರು ಚಾರ್ಜರಿನ ವೈರನ್ನು ಒಂದು ಕಡೆ ಫೋನಿಗೆ, ಇನ್ನೊಂದು ಕಡೆ ಆ ತೂಗುವ ತುದಿಗೆ ಚುಚ್ಚಿದರು.

“ಇದರಾಗೂ ಚಾರ್ಜ್ ಆಗ್ತೈತಲ್ರಿ ಮಾಸ್ತರ?”

ಫೋನಿನ ಪರದೆಯಲ್ಲಿ ಒಂದು ಸಾಲು ಮೂಡಿತು: ಕಂಪ್ಯೂಟರಿಗೆ ಜೋಡಿಸಲಾಗಿದೆ. ನಾನು ಅದನ್ನೇ ನೋಡುತ್ತ ಕುಳಿತೆ. ಫೋನಿನಿಂದ ವೈರಿನ ಮೂಲಕವೇ ಯಂತ್ರಕ್ಕೆ ನೆಟ್ ಕೊಡಬಹುದು. ಲಿನಕ್ಸಿಗೆ ಅದಕ್ಕೆ ಯಾವ ಡ್ರೈವರೂ ಬೇಕಿಲ್ಲ, ಮೊದಲಿನಿಂದಲೇ ಇರುತ್ತದೆ. ನನ್ನ ಕ್ಲಾಸಿನಲ್ಲಿ ನಾನೇ ಹುಡುಗರಿಗೆ ಹೇಳಿಕೊಡುವ ವಿಷಯ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಸೋಮವಾರವೇ, ಚಾಚಿಗೆ ಇನ್ನೂ ಬಾಯಿದ್ದಾಗಲೇ, ಇದನ್ನು ಮಾಡಬಹುದಿತ್ತು. ಒಂದು ದಾರ ಎಳೆದರೆ ಆಗುವುದಿಲ್ಲವೇ ಎಂದು ಅವರು ಮೊದಲ ದಿನವೇ ಕೇಳಿದ್ದರು. ನನಗೆ ನನ್ನ ಮೇಲೆ ಹೇಸಿಗೆ ಹುಟ್ಟಿತು.

ಲ್ಯಾಪ್‌ಟಾಪ್ ಮುಚ್ಚಿದೆ. ಅಡಾಪ್ಟರನ್ನು ಚೀಲಕ್ಕೆ ಹಾಕಿದೆ. ಫೋನಿನ ಸೆಟ್ಟಿಂಗಿನಲ್ಲಿ ಒಂದು ಗುಂಡಿ ಒತ್ತಿದೆ. ಚಾಚಾ ಒಳಗೆ ಹೋಗಿ, “ಬಂತ್ರಿ,” ಎಂದರು. ಐದು ಮಿನಿಟೂ ಆಗಿರಲಿಲ್ಲ.

ಅವತ್ತೇ ಪಾಠ ನಡೆಯಿತು. ಎಣಿಕೆ ಹೇಳುವ ದನಿ ಇಲ್ಲ. ಹಳೆಯ ಜಮಖಾನಾದ ತುರಾಯಿಯ ಫೋಟೋವನ್ನು ಚಾಚಾ ಮಗಳಿಗೆ ಕಳಿಸಿದ್ದರು. ಅದನ್ನು ನೋಡಿ ಅವಳು ಊಹೆಯಿಂದ ದಾರ ಹಿಡಿಯಬೇಕು, ತಪ್ಪಿದರೆ ತಾಯಿ ಬಡಿಯಬೇಕು. ಅವಳಿಗೆ ಅದು ವಿಚಿತ್ರವೆನಿಸಲಿಲ್ಲ. ಅತ್ತೆಯರು ಕಲಿಸುವ ರೀತಿಯೇ ಅದು ಎಂದು ಅವಳಿಗೂ ಗೊತ್ತಿತ್ತು. “ಈಗ ನೀ ನನಗ ಖರೇ ಖರೇ ಅತ್ತಿ ಆದಿ ನೋಡು ಅಮ್ಮಿ,” ಎಂದು ಕನ್ನಡದಲ್ಲಿ ನಕ್ಕಳು.

ನಾನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಕೇಳುತ್ತಿದ್ದೆ. ಟಕ್. ಬಿಚ್ಚುತ್ತಾಳೆ. “ಮೂರ ಬಿಟ್ಟು ಒಂದೇನು?” ಟಕ್. “ಎರಡ ಬಿಟ್ಟು ಒಂದು?” ಸದ್ದಿಲ್ಲ. ಮುಂದಿನ ಸಾಲು. ಟಕ್. ಒಂದೊಂದು ಸಾಲಿಗೆ ನಾಲ್ಕೈದು ಸಲ. ಎರಡು ತಾಸಿನಲ್ಲಿ ಸದ್ದು ಕಡಿಮೆಯಾಗುತ್ತ ಬಂತು. ಚಾಚಾ ಒಳಗಿನಿಂದ ಬಂದು, “ತಿಳೀತು ನೋಡ್ರಿ ಅಕಿಗೆ,” ಎಂದು ಕಣ್ಣೊರೆಸಿಕೊಂಡು, ಕೈಕಾಲು ತೊಳೆದು ಪಡಸಾಲೆಯ ಮೂಲೆಯಲ್ಲಿ ಇಳಿಹೊತ್ತಿನ ಅಸರ್ ನಮಾಜಿಗೆ ನಿಂತರು. ಒಳಗೆ ಮಗಳು ತನ್ನಷ್ಟಕ್ಕೇ ಎಣಿಸುತ್ತಿದ್ದಳು. ಪಂಜಾದ ಸದ್ದು ಬರಲಿಲ್ಲ. ಮತ್ತೊಂದು ಸಾಲು. ಬರಲಿಲ್ಲ. ಅವಳ ಎಣಿಕೆಗೆ ವೇಗ ಬಂತು, ದನಿಯಲ್ಲಿ ನಗು ಬಂತು. ಎಷ್ಟೋ ದಿನಗಳ ಮೇಲೆ ನನ್ನ ಎದೆಯೂ ಹಗುರವಾಯಿತು. ನೆಟ್ ಒಂದು ಸಲವೂ ತಡವರಿಸಲಿಲ್ಲ.

ನಮಾಜು ಮುಗಿಸಿ ಚಾಚಾ ಒಳಗೆ ಹೋದರು. ಮಗಳು ಎಣಿಸುತ್ತಲೇ ಇದ್ದಳು. ಚಾಚಾ ಹೊರಗೆ ಬಂದು ಬಾಗಿಲ ಪರದೆ ಹಿಡಿದುಕೊಂಡು ನಿಂತರು. ಬಲು ಮೆಲ್ಲಗೆ ಮಾತಾಡಿದರು.

“ಮಾಸ್ತರ, ನೆಟ್ ಬಂದ್ ಮಾಡ್ರಿ.”

“ಯಾಕ್ರಿ ಚಾಚಾ?”

“ಹೋದ್ಳ್ರಿ. ಕೈ ತಣ್ಣಗಾಗೇತಿ.” ಅವರು ಗೋಡೆಗೆ ಕೈಯೂರಿದರು. “ಈಗ ಬಾಜು ಮನಿ ಹೆಂಗಸರು ಬರ್ತಾರ, ಅಳ್ತಾರ. ಮೈಕಿನಾಗ ಅದು ಮಗಳಿಗೆ ಕೇಳಸ್ತೈತಿ. ಮೊದಲ ಬಂದ್ ಮಾಡ್ರಿ. ಅಳಿಯಗ ನಾ ಹೇಳ್ತೇನಿ, ಅವ ಹತ್ತರ ಕುಂತು ಹೇಳ್ಲಿ.”

ಎದ್ದೆ. ಬೆಳಕಿಂಡಿಯಿಂದ ಇಳಿದಿದ್ದ ಕೇಬಲ್ಲಿನ ತುದಿಯಿಂದ ವೈರನ್ನು ಕಿತ್ತೆ. ಒಳಗೆ ಎಣಿಕೆ ಏಳು ಎಂಬಲ್ಲಿ ನಿಂತಿತು.

ಒಂದು ನಿಮಿಷದಲ್ಲಿ ನನ್ನ ಫೋನು ಬಡಿದುಕೊಂಡಿತು. ಮಗಳದೇ.

“ಸರ್, ನೆಟ್ ಹೋತೇನ್ರಿ?”

“ಹೌದ್ರಿ. ಹೋತು.”

“ಇರ್ಲಿ ಬಿಡ್ರಿ. ಅಮ್ಮಿಗೆ ಒಂದ್ ಮಾತ ಹೇಳ್ರಿ. ಉಳದದ್ದೂ ಹಾಕಿದೆ, ತುರಾಯಿ ಮುಗೀತು. ಕಡೀ ಎಂಟು ಸಾಲಿಗೆ ಅಮ್ಮಿ ಒಂದ್ ಸಲಾನೂ ಬಡೀಲಿಲ್ಲ.”

“ಹೇಳ್ತೇನ್ರಿ,” ಎಂದೆ.